ಸಲಿಂಗ ವಿವಾಹ: ಬರಾಕ್ ಒಬಾಮ ನಿಲುವು ಬದಲಾಗಿದ್ದು ಹೇಗೆ? 1996ರಿಂದ 2015ರವರೆಗೆ ಸಂಪೂರ್ಣ ಮಾಹಿತಿ

ಅಮೆರಿಕದ 44ನೇ ಅಧ್ಯಕ್ಷ ಬರಾಕ್ ಒಬಾಮ ಸಲಿಂಗ ವಿವಾಹದ ಪರವೋ, ವಿರುದ್ಧವೋ? ಯಾವ ವರ್ಷದ ಒಬಾಮ ಬಗ್ಗೆ ಕೇಳುತ್ತಿದ್ದೀರಿ ಎಂಬುದರ ಮೇಲೆ ಇದರ ಉತ್ತರ ನಿಂತಿದೆ. 1996ರಲ್ಲಿ ಅವರು ಪರ. 1998ರಲ್ಲಿ 'ಇನ್ನೂ ತೀರ್ಮಾನಿಸಿಲ್ಲ'. 2004 ಮತ್ತು 2008ರಲ್ಲಿ ವಿರುದ್ಧ. 2010ರಲ್ಲಿ 'ಯೋಚನೆ ಬದಲಾಗುತ್ತಿದೆ'. 2012ರಲ್ಲಿ ಮತ್ತೆ ಪರ. ಇವೆಲ್ಲವೂ ದಾಖಲಾಗಿರುವ ಉತ್ತರಗಳೇ.

ಒಬ್ಬ ರಾಜಕಾರಣಿ ಒಂದೇ ವಿಷಯದಲ್ಲಿ ಹದಿನಾರು ವರ್ಷಗಳಲ್ಲಿ ಇಷ್ಟು ಸಲ ಮಾತು ಬದಲಿಸಿದ್ದನ್ನು ಕೆಲವರು ಅವಕಾಶವಾದ ಎನ್ನುತ್ತಾರೆ. ಸಮಾಜವನ್ನು ಜೊತೆಗೆ ಕರೆದೊಯ್ಯಲು ಅಷ್ಟು ತಾಳ್ಮೆ ಬೇಕಿತ್ತು ಎನ್ನುವವರೂ ಇದ್ದಾರೆ. ಈ ನಡುವೆ ಆಸ್ಪತ್ರೆ, ತೆರಿಗೆ, ವೀಸಾ, ಪಿಂಚಣಿ ಎಂದು ಸಾವಿರಾರು ಜೋಡಿಗಳ ಬದುಕು ಕಾನೂನಿನ ಬಾಗಿಲಲ್ಲಿ ಕಾಯುತ್ತಿತ್ತು. ಅಮೆರಿಕದಲ್ಲಿರುವ ಭಾರತೀಯ ಉದ್ಯೋಗಿಗಳಿಗೂ ಇದರ ಬಿಸಿ ತಟ್ಟಿತ್ತು. ಯಾವಾಗ ಏನಾಯಿತು, ಯಾಕಾಯಿತು, ಭಾರತದಲ್ಲಿ ಈಗ ನಡೆಯುತ್ತಿರುವ ಚರ್ಚೆಗೂ ಇದಕ್ಕೂ ಏನು ಸಂಬಂಧ? ಇಲ್ಲಿದೆ ವಿವರ.

ಒಂದೇ ನೋಟದಲ್ಲಿ

- 1996: ಇಲಿನಾಯ್ ರಾಜ್ಯ ಸೆನೆಟ್‌ಗೆ ಸ್ಪರ್ಧೆ. ಸಲಿಂಗ ವಿವಾಹಕ್ಕೆ ಲಿಖಿತ ಬೆಂಬಲ
- 2004: ಅಮೆರಿಕ ಸೆನೆಟ್ ಚುನಾವಣೆ. 'ಮದುವೆ ಎಂದರೆ ಗಂಡು ಹೆಣ್ಣಿನ ನಡುವಿನದು' ಎಂಬ ನಿಲುವು
- 2008: ಅಧ್ಯಕ್ಷೀಯ ಚುನಾವಣೆ. ಅದೇ ನಿಲುವು, ಜೊತೆಗೆ ಸಿವಿಲ್ ಯೂನಿಯನ್‌ಗೆ ಬೆಂಬಲ
- 2010: ನಿಲುವು ಬದಲಾಗುತ್ತಿದೆ ಎಂಬ ಹೇಳಿಕೆ
- 2011: ವಿವಾಹ ರಕ್ಷಣಾ ಕಾಯ್ದೆಯನ್ನು ಕೋರ್ಟ್‌ನಲ್ಲಿ ಸಮರ್ಥಿಸಿಕೊಳ್ಳುವುದಿಲ್ಲ ಎಂದ ಸರ್ಕಾರ
- 2012 ಮೇ 9: ಟಿವಿ ಸಂದರ್ಶನದಲ್ಲಿ ಬಹಿರಂಗ ಬೆಂಬಲ
- 2013 ಜೂನ್ 26: ಆ ಕಾಯ್ದೆಯ ಮುಖ್ಯ ಭಾಗ ಸುಪ್ರೀಂ ಕೋರ್ಟ್‌ನಲ್ಲಿ ರದ್ದು
- 2015 ಜೂನ್ 26: ಎಲ್ಲ 50 ರಾಜ್ಯಗಳಲ್ಲೂ ಸಲಿಂಗ ವಿವಾಹಕ್ಕೆ ಮಾನ್ಯತೆ

1996: ಮೊದಲ ಉತ್ತರ

ಒಬಾಮ ಆಗ ಶಿಕಾಗೋದಲ್ಲಿ ವಕೀಲರು, ಕಾನೂನು ಪಾಠ ಮಾಡುತ್ತಿದ್ದವರು. ಇಲಿನಾಯ್ ರಾಜ್ಯ ಸೆನೆಟ್‌ಗೆ ಮೊದಲ ಸಲ ಸ್ಪರ್ಧಿಸಿದ್ದರು. ಶಿಕಾಗೋದ ಸಲಿಂಗಿ ಸಮುದಾಯದ ಪತ್ರಿಕೆ 'ಔಟ್‌ಲೈನ್ಸ್' ಅಭ್ಯರ್ಥಿಗಳಿಗೆ ಪ್ರಶ್ನಾವಳಿ ಕಳುಹಿಸಿತ್ತು. ಸಲಿಂಗ ವಿವಾಹವನ್ನು ಕಾನೂನುಬದ್ಧಗೊಳಿಸುವುದಕ್ಕೆ ತಮ್ಮ ಬೆಂಬಲವಿದೆ, ಅದನ್ನು ನಿಷೇಧಿಸುವ ಪ್ರಯತ್ನಗಳ ವಿರುದ್ಧ ಹೋರಾಡುತ್ತೇನೆ ಎಂದು ಒಬಾಮ ಅದಕ್ಕೆ ಸಹಿ ಹಾಕಿದ ಉತ್ತರ ಕೊಟ್ಟಿದ್ದರು. ಎರಡು ವರ್ಷದ ನಂತರ ಇಂಥದ್ದೇ ಪ್ರಶ್ನೆ ಬಂದಾಗ ಅವರ ಉತ್ತರ 'ತೀರ್ಮಾನಿಸಿಲ್ಲ' ಎಂದಾಗಿತ್ತು.

ಈ ಹಳೆಯ ಕಾಗದ ದೇಶದ ಗಮನಕ್ಕೆ ಬಂದಿದ್ದು 2009ರ ಜನವರಿಯಲ್ಲಿ. ಶಿಕಾಗೋದ 'ವಿಂಡಿ ಸಿಟಿ ಟೈಮ್ಸ್' ಪತ್ರಿಕೆ ಅದನ್ನು ಪ್ರಕಟಿಸಿತು. ಅಷ್ಟರಲ್ಲಿ ಒಬಾಮ ಶ್ವೇತಭವನದ ಹೊಸ್ತಿಲಲ್ಲಿದ್ದರು, ನಿಲುವೂ ಬದಲಾಗಿತ್ತು.

1996 ಇನ್ನೊಂದು ಕಾರಣಕ್ಕೂ ಮುಖ್ಯ ವರ್ಷ. ಸಲಿಂಗ ಜೋಡಿಗಳಿಗೆ ವಿವಾಹ ನಿರಾಕರಿಸಲು ಸರಿಯಾದ ಕಾರಣ ಕೊಡಬೇಕು ಎಂದು ಹವಾಯಿ ರಾಜ್ಯದ ಸುಪ್ರೀಂ ಕೋರ್ಟ್ 1993ರಲ್ಲಿ ಹೇಳಿತ್ತು. ಇದರಿಂದ ಎಚ್ಚೆತ್ತ ಅಮೆರಿಕ ಸಂಸತ್ತು 'ವಿವಾಹ ರಕ್ಷಣಾ ಕಾಯ್ದೆ' ತಂದಿತು. ಡೋಮಾ ಎಂದೇ ಹೆಸರಾದ ಈ ಕಾಯ್ದೆಗೆ ಜನಪ್ರತಿನಿಧಿ ಸಭೆಯಲ್ಲಿ 342-67, ಸೆನೆಟ್‌ನಲ್ಲಿ 85-14 ಮತಗಳ ಬೆಂಬಲ ಸಿಕ್ಕಿತು. ಡೆಮಾಕ್ರಟಿಕ್ ಪಕ್ಷದವರೇ ಆದ ಅಧ್ಯಕ್ಷ ಬಿಲ್ ಕ್ಲಿಂಟನ್ ಅದಕ್ಕೆ ಸಹಿ ಹಾಕಿದರು. ಯಾವುದೇ ರಾಜ್ಯ ಸಲಿಂಗ ವಿವಾಹಕ್ಕೆ ಒಪ್ಪಿಗೆ ಕೊಟ್ಟರೂ ಕೇಂದ್ರ ಸರ್ಕಾರ ಅದನ್ನು ಮದುವೆ ಎಂದು ಪರಿಗಣಿಸುವುದಿಲ್ಲ ಎನ್ನುವುದು ಅದರ ತಿರುಳು. ಗ್ಯಾಲಪ್ ಸಮೀಕ್ಷೆ ಪ್ರಕಾರ ಆ ವರ್ಷ ಸಲಿಂಗ ವಿವಾಹವನ್ನು ಬೆಂಬಲಿಸಿದ ಅಮೆರಿಕನ್ನರು ಶೇ.27 ಮಾತ್ರ.

2004: 'ಗಂಡು ಹೆಣ್ಣಿನ ನಡುವಿನ ಬಂಧ'

2004ರ ಮೇ 17ರಂದು ಮ್ಯಾಸಚೂಸೆಟ್ಸ್ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಟ್ಟ ಮೊದಲ ರಾಜ್ಯವಾಯಿತು. ಅದೇ ವರ್ಷ ಅಧ್ಯಕ್ಷ ಜಾರ್ಜ್ ಡಬ್ಲ್ಯು ಬುಷ್ ಸಲಿಂಗ ವಿವಾಹ ನಿಷೇಧಿಸಲು ಸಂವಿಧಾನ ತಿದ್ದುಪಡಿಗೆ ಕರೆ ಕೊಟ್ಟರು. ನವೆಂಬರ್ ಚುನಾವಣೆಯಲ್ಲಿ 11 ರಾಜ್ಯಗಳ ಮತದಾರರು ತಮ್ಮ ರಾಜ್ಯ ಸಂವಿಧಾನಗಳಿಗೆ ನಿಷೇಧದ ತಿದ್ದುಪಡಿ ಸೇರಿಸಿದರು.

ಇಂಥ ಹವಾಮಾನದಲ್ಲಿ ಒಬಾಮ ಇಲಿನಾಯ್‌ನಿಂದ ಅಮೆರಿಕ ಸೆನೆಟ್‌ಗೆ ಸ್ಪರ್ಧಿಸಿದರು. ಮದುವೆ ಎಂದರೆ ಗಂಡು ಮತ್ತು ಹೆಣ್ಣಿನ ನಡುವಿನದು ಎಂದು ಹೇಳಿದರು. ಆದರೆ ಬುಷ್ ಪ್ರಸ್ತಾಪಿಸಿದ ಸಂವಿಧಾನ ತಿದ್ದುಪಡಿಯನ್ನು ಒಪ್ಪಲಿಲ್ಲ. 2006ರಲ್ಲಿ ಆ ತಿದ್ದುಪಡಿ ಸೆನೆಟ್‌ಗೆ ಬಂದಾಗ ವಿರುದ್ಧ ಮತ ಹಾಕಿದರು.

ಸಲಿಂಗ ಜೋಡಿಗಳಿಗೆ ಸಿವಿಲ್ ಯೂನಿಯನ್ ಸಾಕು ಎನ್ನುವುದು ಅವರ ವಾದವಾಗಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ದಾರಿ ಇದು. ಅದೇ 2006ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ, ಈ ವಿಷಯದಲ್ಲಿ ತಮ್ಮ ನಿಲುವು ತಪ್ಪಾಗಿರಬಹುದು ಎಂಬ ಸಾಧ್ಯತೆಯನ್ನೂ ಅವರು ಒಪ್ಪಿಕೊಂಡಿದ್ದರು.

ಏನಿದು ಸಿವಿಲ್ ಯೂನಿಯನ್?

ಸಲಿಂಗ ಜೋಡಿಯ ಸಂಬಂಧವನ್ನು ಸರ್ಕಾರ ನೋಂದಾಯಿಸಿಕೊಂಡು, ಮದುವೆಯಾದವರಿಗೆ ಸಿಗುವ ಹಕ್ಕುಗಳಲ್ಲಿ ಹಲವನ್ನು ಕೊಡುವುದು, ಆದರೆ ಅದನ್ನು ಮದುವೆ ಎಂದು ಕರೆಯದಿರುವುದೇ ಸಿವಿಲ್ ಯೂನಿಯನ್. ಅಮೆರಿಕದಲ್ಲಿ ಇದನ್ನು ಮೊದಲು ಜಾರಿಗೆ ತಂದಿದ್ದು ವರ್ಮಾಂಟ್ ರಾಜ್ಯ, 2000ರಲ್ಲಿ.

ಹೆಸರು ಬೇರೆ, ಹಕ್ಕು ಒಂದೇ ಅಲ್ಲವೇ ಎಂದು ಅನಿಸಬಹುದು. ಅಮೆರಿಕದಲ್ಲಿ ಹಾಗಿರಲಿಲ್ಲ. ಮದುವೆಯನ್ನು ಆಧರಿಸಿ ಸೌಲಭ್ಯ, ಹಕ್ಕು ನಿರ್ಧರಿಸುವ 1,138 ಅಂಶಗಳು ಕೇಂದ್ರ ಕಾನೂನುಗಳಲ್ಲಿವೆ ಎಂದು ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2004ರಲ್ಲಿ ಲೆಕ್ಕ ಕೊಟ್ಟಿತ್ತು. ಸಾಮಾಜಿಕ ಭದ್ರತೆ, ಆದಾಯ ತೆರಿಗೆ, ವಲಸೆ ಎಲ್ಲವೂ ಇದರಲ್ಲಿ ಬರುತ್ತವೆ. ರಾಜ್ಯ ಕೊಟ್ಟ ಸಿವಿಲ್ ಯೂನಿಯನ್ ಪತ್ರ ಹಿಡಿದು ಹೋದರೆ ಕೇಂದ್ರದ ಕಚೇರಿಯಲ್ಲಿ ಅದಕ್ಕೆ ಬೆಲೆ ಇರಲಿಲ್ಲ. ಆ ಜೋಡಿ ರಾಜ್ಯದ ಲೆಕ್ಕದಲ್ಲಿ ಒಂದು ಕುಟುಂಬ, ಕೇಂದ್ರದ ಲೆಕ್ಕದಲ್ಲಿ ಇಬ್ಬರು ಅಪರಿಚಿತರು.

2008: ಚರ್ಚ್ ವೇದಿಕೆಯಲ್ಲಿ ಒಬಾಮ

2008ರ ಆಗಸ್ಟ್ 16ರಂದು ಕ್ಯಾಲಿಫೋರ್ನಿಯಾದ ಸ್ಯಾಡಲ್‌ಬ್ಯಾಕ್ ಚರ್ಚ್‌ನಲ್ಲಿ ಪಾದ್ರಿ ರಿಕ್ ವಾರನ್ ಇಬ್ಬರೂ ಅಧ್ಯಕ್ಷೀಯ ಅಭ್ಯರ್ಥಿಗಳನ್ನು ಕರೆಸಿ ಪ್ರತ್ಯೇಕವಾಗಿ ಪ್ರಶ್ನಿಸಿದರು. ಮದುವೆ ಎಂದರೇನು ಎಂದು ಕೇಳಿದಾಗ ಒಬಾಮ, ಅದು ಗಂಡು ಮತ್ತು ಹೆಣ್ಣಿನ ಬಂಧ, ಒಬ್ಬ ಕ್ರೈಸ್ತನಾಗಿ ತಮಗೆ ಅದು ಪವಿತ್ರ ಬಂಧ ಎಂದು ಉತ್ತರಿಸಿದರು. ಸಭೆ ಚಪ್ಪಾಳೆ ತಟ್ಟಿತು. ಈ ವ್ಯಾಖ್ಯೆಯನ್ನು ಸಂವಿಧಾನಕ್ಕೆ ಸೇರಿಸಲು ತಾವು ಬೆಂಬಲ ಕೊಡುವುದಿಲ್ಲ ಎಂದೂ ಅವರು ಅಲ್ಲೇ ಸ್ಪಷ್ಟಪಡಿಸಿದರು.

ಕ್ಯಾಲಿಫೋರ್ನಿಯಾದಲ್ಲಿ ಆಗ 'ಪ್ರೊಪೊಸಿಷನ್ 8' ಎಂಬ ಜನಮತಗಣನೆಯ ಬಿಸಿ ಏರಿತ್ತು. ಅಲ್ಲಿನ ಕೋರ್ಟ್ ಕೊಟ್ಟಿದ್ದ ಸಲಿಂಗ ವಿವಾಹದ ಹಕ್ಕನ್ನು ಹಿಂದಕ್ಕೆ ಪಡೆಯುವ ಪ್ರಸ್ತಾಪ ಅದು. ಸಲಿಂಗ ವಿವಾಹಕ್ಕೆ ತಮ್ಮ ಬೆಂಬಲವಿಲ್ಲ ಎಂದಿದ್ದ ಒಬಾಮ, ಈ ಪ್ರಸ್ತಾಪ ತಾರತಮ್ಯದ್ದು ಎಂದು ಅದನ್ನೂ ವಿರೋಧಿಸಿದರು. ನವೆಂಬರ್ 4ರಂದು ಒಬಾಮ ಕ್ಯಾಲಿಫೋರ್ನಿಯಾವನ್ನು ಭಾರಿ ಅಂತರದಿಂದ ಗೆದ್ದರು. ಅದೇ ದಿನ, ಅದೇ ಮತದಾರರು ಸುಮಾರು ಶೇ.52 ಮತಗಳಿಂದ ಪ್ರೊಪೊಸಿಷನ್ 8ಕ್ಕೂ ಒಪ್ಪಿಗೆ ಕೊಟ್ಟರು. ಒಬಾಮಗೆ ಮತ ಹಾಕಿದವರೆಲ್ಲ ಸಲಿಂಗ ವಿವಾಹದ ಪರ ಇಲ್ಲ ಎಂಬುದು ಇದರಿಂದ ಎದ್ದು ಕಂಡಿತು. ಅವರ ಎಚ್ಚರಿಕೆಯ ನಡೆಗೆ ಇದೂ ಒಂದು ಕಾರಣ ಎಂದು ವಿಶ್ಲೇಷಕರು ಹೇಳುತ್ತಾರೆ. ಕರಿಯ ಸಮುದಾಯದ ಚರ್ಚ್‌ಗಳು ಒಬಾಮ ಅವರ ದೊಡ್ಡ ಬೆಂಬಲ ನೆಲೆಯಾಗಿದ್ದವು. ಅಲ್ಲಿ ಸಲಿಂಗ ವಿವಾಹಕ್ಕೆ ವಿರೋಧ ಗಟ್ಟಿಯಾಗಿತ್ತು.

ಗಮನಿಸಬೇಕಾದ ಅಂಶವೆಂದರೆ, ಆಗ ಈ ನಿಲುವು ಒಬಾಮ ಒಬ್ಬರದ್ದೇ ಆಗಿರಲಿಲ್ಲ. ಪಕ್ಷದೊಳಗಿನ ಪ್ರತಿಸ್ಪರ್ಧಿ ಹಿಲರಿ ಕ್ಲಿಂಟನ್ ಅವರದ್ದೂ ಇದೇ ನಿಲುವು. ಹಿಲರಿ ಸಲಿಂಗ ವಿವಾಹಕ್ಕೆ ಬಹಿರಂಗ ಬೆಂಬಲ ಕೊಟ್ಟಿದ್ದು 2013ರ ಮಾರ್ಚ್‌ನಲ್ಲಿ, ಒಬಾಮ ಬೆಂಬಲ ಕೊಟ್ಟು ಹತ್ತು ತಿಂಗಳಾದ ಮೇಲೆ.

2009-2011: ಮಾತು ಒಂದು ಕಡೆ, ಕೆಲಸ ಇನ್ನೊಂದು ಕಡೆ

ಅಧ್ಯಕ್ಷರಾದ ಮೊದಲ ವರ್ಷ ಸಲಿಂಗಿ ಸಮುದಾಯಕ್ಕೆ ನಿರಾಸೆ ತಂದಿತ್ತು. 2009ರ ಜೂನ್‌ನಲ್ಲಿ ಒಬಾಮ ಸರ್ಕಾರದ ನ್ಯಾಯಾಂಗ ಇಲಾಖೆಯೇ ಕೋರ್ಟ್‌ನಲ್ಲಿ ಡೋಮಾ ಕಾಯ್ದೆಯನ್ನು ಸಮರ್ಥಿಸಿಕೊಂಡಿತು. ತಾವು ಮತ ಹಾಕಿದ ಸರ್ಕಾರವೇ ತಮ್ಮ ವಿರುದ್ಧ ವಾದ ಮಂಡಿಸುತ್ತಿದೆ ಎಂಬ ಆಕ್ರೋಶ ಎದ್ದಿತು.

ನಂತರದ ಕ್ರಮಗಳು ಒಂದೊಂದಾಗಿ ಬಂದವು.

2009ರ ಅಕ್ಟೋಬರ್‌ನಲ್ಲಿ ಲೈಂಗಿಕ ಒಲವಿನ ಕಾರಣಕ್ಕೆ ನಡೆಯುವ ದಾಳಿಗಳನ್ನೂ ದ್ವೇಷಾಪರಾಧ ಕಾನೂನಿನ ವ್ಯಾಪ್ತಿಗೆ ತರಲಾಯಿತು.

2010ರ ಏಪ್ರಿಲ್‌ನಲ್ಲಿ ಆಸ್ಪತ್ರೆ ಭೇಟಿ ಕುರಿತ ಆದೇಶ ಹೊರಬಿತ್ತು. ಐಸಿಯುನಲ್ಲಿರುವ ಸಂಗಾತಿಯನ್ನು ನೋಡಲು 'ನೀವು ಕುಟುಂಬದವರಲ್ಲ' ಎಂದು ತಡೆಯುವಂತಿಲ್ಲ, ಯಾರು ಬರಬೇಕು ಎಂದು ರೋಗಿಯೇ ಹೇಳಬಹುದು ಎಂಬ ನಿಯಮ ತರುವಂತೆ ಒಬಾಮ ಸೂಚಿಸಿದರು. ಸರ್ಕಾರಿ ಆರೋಗ್ಯ ಯೋಜನೆಗಳ ಹಣ ಪಡೆಯುವ ಎಲ್ಲ ಆಸ್ಪತ್ರೆಗಳಿಗೂ ಇದು ಅನ್ವಯ.

2010ರ ಡಿಸೆಂಬರ್ 22ರಂದು, ಸಲಿಂಗಿಗಳು ತಮ್ಮ ಗುರುತು ಮುಚ್ಚಿಟ್ಟರೆ ಮಾತ್ರ ಸೇನೆಯಲ್ಲಿ ಇರಬಹುದು ಎನ್ನುತ್ತಿದ್ದ ಕಾನೂನನ್ನು ರದ್ದುಪಡಿಸುವ ಮಸೂದೆಗೆ ಸಹಿ ಬಿತ್ತು.

ಅದೇ ದಿನ ಪತ್ರಿಕಾಗೋಷ್ಠಿಯಲ್ಲಿ ಪ್ರಶ್ನೆ ಎದುರಾಯಿತು. ಸೇನೆಯಲ್ಲಿ ಪ್ರಾಣ ಕೊಡಬಲ್ಲವರು ಮದುವೆ ಯಾಕಾಗಬಾರದು? ಒಬಾಮ ಉತ್ತರ: ಈ ವಿಷಯದಲ್ಲಿ ತಮ್ಮ ಭಾವನೆಗಳು ನಿರಂತರವಾಗಿ ಬದಲಾಗುತ್ತಿವೆ, ತಾವು ಇದರ ಬಗ್ಗೆ ತೊಳಲಾಡುತ್ತಿದ್ದೇವೆ. ಅಡ್ಡಗೋಡೆ ಮೇಲೆ ದೀಪ ಇಟ್ಟಂಥ ಈ ಮಾತು ಮುಂದಿನ ಒಂದೂವರೆ ವರ್ಷ ಅವರ ಬೆನ್ನು ಬಿಡಲಿಲ್ಲ.

ಆದರೆ ಕಾನೂನಿನ ಕಡೆಯಿಂದ ನೋಡಿದರೆ ದೊಡ್ಡ ತಿರುವು ಬಂದಿದ್ದು ಈ ಅವಧಿಯಲ್ಲೇ. 2011ರ ಫೆಬ್ರವರಿ 23ರಂದು ಅಟಾರ್ನಿ ಜನರಲ್ ಎರಿಕ್ ಹೋಲ್ಡರ್ ಸಂಸತ್ತಿಗೆ ಪತ್ರ ಬರೆದರು. ಡೋಮಾದ 3ನೇ ಸೆಕ್ಷನ್ ಸಂವಿಧಾನಬಾಹಿರ ಎಂದು ಅಧ್ಯಕ್ಷರು ತೀರ್ಮಾನಿಸಿದ್ದಾರೆ, ಹಾಗಾಗಿ ಅದನ್ನು ಸರ್ಕಾರ ಕೋರ್ಟ್‌ನಲ್ಲಿ ಸಮರ್ಥಿಸುವುದಿಲ್ಲ ಎಂಬುದು ಪತ್ರದ ಸಾರ. ಸಲಿಂಗ ವಿವಾಹವನ್ನು ವೈಯಕ್ತಿಕವಾಗಿ ಬೆಂಬಲಿಸುತ್ತೇನೆ ಎಂದು ಇನ್ನೂ ಹೇಳದ ಅಧ್ಯಕ್ಷರು, ಅದನ್ನು ತಡೆಯುವ ಕೇಂದ್ರ ಕಾಯ್ದೆಯ ಬೆಂಬಲಕ್ಕೆ ನಿಲ್ಲುವುದನ್ನು ಬಿಟ್ಟಿದ್ದರು.

2012 ಮೇ: ಆ ನಾಲ್ಕು ದಿನಗಳು

2012 ಚುನಾವಣಾ ವರ್ಷ. ಸೆಪ್ಟೆಂಬರ್‌ನ ಪಕ್ಷದ ಸಮಾವೇಶಕ್ಕೆ ಮೊದಲು ಈ ವಿಷಯವನ್ನು ಇತ್ಯರ್ಥ ಮಾಡುವ ಯೋಚನೆ ಒಬಾಮ ತಂಡಕ್ಕೆ ಇತ್ತು. ಆದರೆ ಘಟನೆಗಳು ಕಾಯಲಿಲ್ಲ.

ಮೇ 6, ಭಾನುವಾರ: ಎನ್‌ಬಿಸಿಯ 'ಮೀಟ್ ದಿ ಪ್ರೆಸ್' ಕಾರ್ಯಕ್ರಮದಲ್ಲಿ ಉಪಾಧ್ಯಕ್ಷ ಜೋ ಬೈಡನ್, ಸಲಿಂಗ ಜೋಡಿಗಳು ಮದುವೆಯಾಗಿ ಎಲ್ಲರಂತೆ ಹಕ್ಕು ಪಡೆಯುವುದರಲ್ಲಿ ತಮಗೆ ಯಾವ ಮುಜುಗರವೂ ಇಲ್ಲ ಎಂದುಬಿಟ್ಟರು.

ಮೇ 7, ಸೋಮವಾರ: ಶಿಕ್ಷಣ ಕಾರ್ಯದರ್ಶಿ ಆರ್ನ್ ಡಂಕನ್ ಕೂಡ ಟಿವಿಯಲ್ಲಿ ತಮ್ಮ ಬೆಂಬಲವಿದೆ ಎಂದರು. ಅಧ್ಯಕ್ಷರ ನಿಲುವೇನು ಎಂದು ಶ್ವೇತಭವನದ ವಕ್ತಾರರ ಮೇಲೆ ಪತ್ರಕರ್ತರು ಪ್ರಶ್ನೆಗಳ ಮಳೆ ಸುರಿಸಿದರು.

ಮೇ 8, ಮಂಗಳವಾರ: ನಾರ್ತ್ ಕ್ಯಾರೊಲಿನಾದ ಮತದಾರರು ಸುಮಾರು ಶೇ.61 ಮತಗಳಿಂದ ಸಲಿಂಗ ವಿವಾಹ ನಿಷೇಧವನ್ನು ರಾಜ್ಯ ಸಂವಿಧಾನಕ್ಕೆ ಸೇರಿಸಿದರು. ಒಬಾಮ 2008ರಲ್ಲಿ ಗೆದ್ದಿದ್ದ ರಾಜ್ಯ ಇದು. ಪಕ್ಷದ ಸಮಾವೇಶ ನಡೆಯಬೇಕಿದ್ದುದೂ ಇದೇ ರಾಜ್ಯದ ಶಾರ್ಲೆಟ್ ನಗರದಲ್ಲಿ.

ಮೇ 9, ಬುಧವಾರ: ಎಬಿಸಿಯ ರಾಬಿನ್ ರಾಬರ್ಟ್ಸ್ ಅವರಿಗೆ ಶ್ವೇತಭವನದಲ್ಲಿ ಸಂದರ್ಶನ ಕೊಟ್ಟ ಒಬಾಮ, ಸಲಿಂಗ ಜೋಡಿಗಳು ಮದುವೆಯಾಗಲು ಅವಕಾಶ ಇರಬೇಕು ಎಂದು ಘೋಷಿಸಿದರು. ಅಧಿಕಾರದಲ್ಲಿದ್ದ ಅಮೆರಿಕ ಅಧ್ಯಕ್ಷರೊಬ್ಬರು ಹೀಗೆ ಹೇಳಿದ್ದು ಅದೇ ಮೊದಲು.

ನಿಲುವು ಬದಲಾಗಲು ಅವರು ಕೊಟ್ಟ ಕಾರಣಗಳೇನು? ಮೊದಲನೆಯದು, ಸಲಿಂಗ ಸಂಗಾತಿಯೊಂದಿಗೆ ಮಕ್ಕಳನ್ನು ಬೆಳೆಸುತ್ತಿರುವ ತಮ್ಮ ಸಿಬ್ಬಂದಿ. ಎರಡನೆಯದು, ದೇಶಕ್ಕಾಗಿ ಹೋರಾಡಿಯೂ ಮದುವೆಯ ಹಕ್ಕಿಲ್ಲದ ಸೈನಿಕರು. ಮೂರನೆಯದು, ಹೆಣ್ಣುಮಕ್ಕಳಾದ ಮಾಲಿಯಾ ಮತ್ತು ಸಾಶಾ. ಅವರ ಸ್ನೇಹಿತರಲ್ಲಿ ಕೆಲವರ ತಂದೆ ತಾಯಿ ಸಲಿಂಗ ಜೋಡಿಗಳು, ಅವರನ್ನು ಬೇರೆಯಾಗಿ ನೋಡಬೇಕು ಎಂಬ ಯೋಚನೆಯೇ ಮಕ್ಕಳಿಗೆ ಬರುವುದಿಲ್ಲ ಎಂದರು. ನಾಲ್ಕನೆಯದು ಧರ್ಮ. ನಿನ್ನನ್ನು ಇತರರು ಹೇಗೆ ನಡೆಸಿಕೊಳ್ಳಬೇಕು ಎಂದು ಬಯಸುತ್ತೀಯೋ ಹಾಗೆ ನೀನೂ ನಡೆದುಕೋ ಎಂಬ ಕ್ರೈಸ್ತ ಬೋಧನೆಯನ್ನು ಅವರು ಉಲ್ಲೇಖಿಸಿದರು. 2008ರಲ್ಲಿ 'ಬೇಡ' ಎನ್ನಲು ಆಧಾರವಾಗಿದ್ದ ಧರ್ಮವೇ 2012ರಲ್ಲಿ 'ಬೇಕು' ಎನ್ನಲೂ ಆಧಾರವಾಯಿತು.

ಆದರೆ ಒಂದು ಮಿತಿಯನ್ನು ಅವರು ಉಳಿಸಿಕೊಂಡರು. ಇದು ತಮ್ಮ ವೈಯಕ್ತಿಕ ಅಭಿಪ್ರಾಯ, ತೀರ್ಮಾನ ರಾಜ್ಯಗಳಿಗೆ ಬಿಟ್ಟಿದ್ದು ಎಂದರು. ಅಂದರೆ ಹಿಂದಿನ ದಿನವಷ್ಟೇ ನಾರ್ತ್ ಕ್ಯಾರೊಲಿನಾ ಹಾಕಿದ್ದ ನಿಷೇಧಕ್ಕೆ ಈ ಹೇಳಿಕೆಯಿಂದ ಏನೂ ಆಗಲಿಲ್ಲ.

ಮತದಾರರು ಏನೆಂದರು?

ರಿಪಬ್ಲಿಕನ್ ಅಭ್ಯರ್ಥಿ ಮಿಟ್ ರಾಮ್ನಿ ಸಲಿಂಗ ವಿವಾಹಕ್ಕೆ ತಮ್ಮ ವಿರೋಧವನ್ನು ಪುನರುಚ್ಚರಿಸಿದರು. ಕರಿಯರ ಹಕ್ಕುಗಳ ಅತಿ ಹಳೆಯ ಸಂಘಟನೆಗಳಲ್ಲಿ ಒಂದಾದ ಎನ್‌ಎಎಸಿಪಿ ಹತ್ತೇ ದಿನಗಳಲ್ಲಿ ಸಲಿಂಗ ವಿವಾಹದ ಪರ ನಿರ್ಣಯ ಕೈಗೊಂಡಿತು. ಡೆಮಾಕ್ರಟಿಕ್ ಪಕ್ಷ ಮೊದಲ ಬಾರಿಗೆ ತನ್ನ ಅಧಿಕೃತ ಕಾರ್ಯಸೂಚಿಯಲ್ಲಿ ಇದನ್ನು ಸೇರಿಸಿತು.

ನವೆಂಬರ್ 6ರ ಫಲಿತಾಂಶದಲ್ಲಿ ಒಬಾಮ ನಾರ್ತ್ ಕ್ಯಾರೊಲಿನಾ ಕಳೆದುಕೊಂಡರು, ಆದರೆ ದೇಶ ಗೆದ್ದರು. ಅದೇ ದಿನ ಮೇನ್, ಮೇರಿಲ್ಯಾಂಡ್, ವಾಷಿಂಗ್ಟನ್ ರಾಜ್ಯಗಳ ಮತದಾರರು ಸಲಿಂಗ ವಿವಾಹಕ್ಕೆ ಒಪ್ಪಿಗೆ ಕೊಟ್ಟರು. ಮಿನ್ನೆಸೋಟ ನಿಷೇಧದ ಪ್ರಸ್ತಾಪವನ್ನು ತಿರಸ್ಕರಿಸಿತು.

2013ರ ಜನವರಿ 21ರಂದು ಎರಡನೇ ಅವಧಿಯ ಪ್ರಮಾಣ ವಚನ ಭಾಷಣದಲ್ಲಿ ಒಬಾಮ ಮಹಿಳಾ ಹಕ್ಕು ಹೋರಾಟದ ಸೆನೆಕಾ ಫಾಲ್ಸ್, ಕರಿಯರ ಹೋರಾಟದ ಸೆಲ್ಮಾ ಜೊತೆಗೆ ಸಲಿಂಗಿಗಳ ಹೋರಾಟದ ಸ್ಟೋನ್‌ವಾಲ್ ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳಿದರು.

ಕೋರ್ಟ್ ಮೆಟ್ಟಿಲೇರಿದ ವಿಧವೆ

ಎಡಿತ್ ವಿಂಡ್ಸರ್ ಮತ್ತು ಥಿಯಾ ಸ್ಪೈಯರ್ ನಾಲ್ಕು ದಶಕ ಜೊತೆಗೆ ಬಾಳಿದವರು. 2007ರಲ್ಲಿ ಕೆನಡಾದ ಟೊರಾಂಟೊಗೆ ಹೋಗಿ ಮದುವೆಯಾದರು. 2009ರಲ್ಲಿ ಥಿಯಾ ತೀರಿಕೊಂಡರು. ಪತಿಯ ಆಸ್ತಿ ಪತ್ನಿಗೆ ಬಂದರೆ ಅಮೆರಿಕದಲ್ಲಿ ಉತ್ತರಾಧಿಕಾರ ತೆರಿಗೆ ಇರುವುದಿಲ್ಲ. ಆದರೆ ಡೋಮಾ ಪ್ರಕಾರ ಎಡಿತ್ 'ಪತ್ನಿ' ಅಲ್ಲ. ಹಾಗಾಗಿ ಅವರು 3,63,053 ಡಾಲರ್ ತೆರಿಗೆ ಕಟ್ಟಬೇಕಾಯಿತು.

2013ರ ಜೂನ್ 26ರಂದು ಸುಪ್ರೀಂ ಕೋರ್ಟ್ 5-4 ಬಹುಮತದಿಂದ ಡೋಮಾದ 3ನೇ ಸೆಕ್ಷನ್ ರದ್ದುಪಡಿಸಿತು. ಕಟ್ಟಿದ ತೆರಿಗೆ ವಾಪಸ್ ಕೊಡಬೇಕೆಂಬ ಎಡಿತ್ ಬೇಡಿಕೆಗೆ ಜಯ ಸಿಕ್ಕಿತು. ಕಾಯ್ದೆಗೆ ಸಹಿ ಹಾಕಿದ್ದ ಬಿಲ್ ಕ್ಲಿಂಟನ್ ಅವರೇ ಅದಕ್ಕೆ ಕೆಲವು ತಿಂಗಳ ಮೊದಲು ಪತ್ರಿಕಾ ಲೇಖನ ಬರೆದು, ಅದನ್ನು ರದ್ದುಮಾಡಬೇಕು ಎಂದು ಕೇಳಿಕೊಂಡಿದ್ದರು.

ಅಮೆರಿಕದಲ್ಲಿರುವ ಭಾರತೀಯರಿಗೆ ಏನು ಬದಲಾಯಿತು?

ಬೆಂಗಳೂರು, ಪುಣೆ, ಹೈದರಾಬಾದ್‌ನಿಂದ ಎಚ್-1ಬಿ ವೀಸಾದಲ್ಲಿ ಹೋಗುವವರ ಪತಿ ಅಥವಾ ಪತ್ನಿಗೆ ಎಚ್-4 ವೀಸಾ ಸಿಗುತ್ತದೆ. 2013ರ ಜೂನ್‌ವರೆಗೆ ಈ ಸೌಲಭ್ಯ ಸಲಿಂಗ ಜೋಡಿಗಳಿಗೆ ಇರಲಿಲ್ಲ. ಅಮೆರಿಕದ ಪ್ರಜೆಯನ್ನೇ ಮದುವೆಯಾಗಿದ್ದರೂ ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕುವಂತಿರಲಿಲ್ಲ. ವೀಸಾ ಮುಗಿದರೆ ಸಂಗಾತಿಯನ್ನು ಬಿಟ್ಟು ಊರಿಗೆ ವಾಪಸ್ ಬರಬೇಕು, ಇಲ್ಲವೇ ಇಬ್ಬರೂ ಮೂರನೇ ದೇಶಕ್ಕೆ ಹೋಗಬೇಕು ಎಂಬ ಸ್ಥಿತಿ.

ತೀರ್ಪು ಬಂದು ಐದೇ ದಿನಕ್ಕೆ, ಅಂದರೆ 2013ರ ಜುಲೈ 1ರಂದು, ಸಲಿಂಗ ಸಂಗಾತಿಗಳ ಅರ್ಜಿಗಳನ್ನೂ ಉಳಿದವರ ಅರ್ಜಿಗಳಂತೆಯೇ ಪರಿಶೀಲಿಸಲು ವಲಸೆ ಇಲಾಖೆಗೆ ಸೂಚನೆ ಹೋಯಿತು. ಆಗಸ್ಟ್‌ನಲ್ಲಿ ಎಲ್ಲ ದೇಶಗಳ ಅಮೆರಿಕ ವೀಸಾ ಕಚೇರಿಗಳಿಗೂ ಇದು ಅನ್ವಯವಾಯಿತು. ಮದುವೆ ನಡೆದ ಜಾಗದಲ್ಲಿ ಅದು ಕಾನೂನುಬದ್ಧವಾಗಿದ್ದರೆ ಸಾಕು, ದಂಪತಿ ಯಾವ ದೇಶದವರು ಎಂಬುದು ಮುಖ್ಯವಲ್ಲ. ಭಾರತದಲ್ಲಿ ಮಾನ್ಯತೆ ಇಲ್ಲದ ಮದುವೆ ಅಮೆರಿಕದ ವೀಸಾ ಕೌಂಟರ್‌ನಲ್ಲಿ ಮಾನ್ಯವಾಗುವುದು ಹೀಗೆ.

2015: ಕೊನೆಯ ಹೆಜ್ಜೆ

ರಾಜ್ಯಗಳಿಗೆ ಬಿಡಬೇಕು ಎಂಬ ತಮ್ಮ ಮಾತನ್ನೂ ಒಬಾಮ ಮುಂದೆ ಕೈಬಿಟ್ಟರು. ಸಂವಿಧಾನದ ಸಮಾನ ರಕ್ಷಣೆಯ ತತ್ವದ ಪ್ರಕಾರ ಎಲ್ಲ ರಾಜ್ಯಗಳಲ್ಲೂ ಸಲಿಂಗ ವಿವಾಹಕ್ಕೆ ಅವಕಾಶ ಇರಬೇಕು ಎಂದು 2014ರ ಅಕ್ಟೋಬರ್‌ನಲ್ಲಿ 'ನ್ಯೂಯಾರ್ಕರ್' ಪತ್ರಿಕೆಗೆ ತಿಳಿಸಿದರು.

2015ರ ಜೂನ್ 26ರಂದು 'ಒಬರ್ಗಫೆಲ್' ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 5-4ರಿಂದ ಅದನ್ನೇ ಹೇಳಿತು. ಪತಿಯ ಮರಣ ಪ್ರಮಾಣಪತ್ರದಲ್ಲಿ ತನ್ನ ಹೆಸರು ಸಂಗಾತಿ ಎಂದು ಇರಬೇಕು ಎಂದು ಒಹಾಯೊ ರಾಜ್ಯದ ಜಿಮ್ ಒಬರ್ಗಫೆಲ್ ಹೂಡಿದ್ದ ಮೊಕದ್ದಮೆ ಇದು. ಅವರ ಸಂಗಾತಿ ಜಾನ್ ಆರ್ಥರ್ ಗುಣವಾಗದ ನರರೋಗದಿಂದ ಹಾಸಿಗೆ ಹಿಡಿದಿದ್ದರು. ಒಹಾಯೊದಲ್ಲಿ ಮದುವೆಗೆ ಅವಕಾಶ ಇಲ್ಲದ ಕಾರಣ ಇಬ್ಬರೂ ವಿಮಾನದಲ್ಲಿ ಮೇರಿಲ್ಯಾಂಡ್‌ಗೆ ಹೋಗಿ, ರನ್‌ವೇ ಪಕ್ಕ ನಿಂತ ವಿಮಾನದೊಳಗೇ ಮದುವೆಯಾಗಿ ವಾಪಸ್ ಬಂದಿದ್ದರು. ಮೂರು ತಿಂಗಳಲ್ಲಿ ಜಾನ್ ತೀರಿಕೊಂಡರು.

ಆ ದಿನ ಬೆಳಗ್ಗೆ ಒಬಾಮ ಶ್ವೇತಭವನದ ಉದ್ಯಾನದಲ್ಲಿ ತೀರ್ಪನ್ನು ಸ್ವಾಗತಿಸಿದರು. ರಾತ್ರಿ ಶ್ವೇತಭವನ ಕಾಮನಬಿಲ್ಲಿನ ಬಣ್ಣದ ದೀಪಗಳಿಂದ ಬೆಳಗಿತು.

ಒಬಾಮ ಮೊದಲಿನಿಂದಲೂ ಪರವಾಗಿಯೇ ಇದ್ದರೇ?

ಇದು ಈಗಲೂ ಚರ್ಚೆಯಲ್ಲಿರುವ ಪ್ರಶ್ನೆ. ಒಬಾಮ ಅವರ ಮುಖ್ಯ ಚುನಾವಣಾ ತಂತ್ರಗಾರ ಡೇವಿಡ್ ಆಕ್ಸೆಲ್‌ರಾಡ್ 2015ರಲ್ಲಿ ಬರೆದ ಆತ್ಮಕಥೆಯಲ್ಲಿ, 2008ರಲ್ಲೂ ಒಬಾಮ ಮನಸ್ಸಿನಲ್ಲಿ ಪರವಾಗಿದ್ದರು, ಕರಿಯರ ಚರ್ಚ್‌ಗಳ ವಿರೋಧಕ್ಕೆ ಅಂಜಿ ರಾಜಕೀಯ ಸಲಹೆ ಒಪ್ಪಿಕೊಂಡರು ಎಂಬರ್ಥದಲ್ಲಿ ಬರೆದಿದ್ದಾರೆ. ಒಬಾಮ ಇದನ್ನು ಪೂರ್ತಿ ಒಪ್ಪಲಿಲ್ಲ. ತಮ್ಮ ವೈಯಕ್ತಿಕ ಭಾವನೆಯನ್ನೂ ಸಾರ್ವಜನಿಕ ನಿಲುವನ್ನೂ ಆಕ್ಸೆಲ್‌ರಾಡ್ ಬೆರೆಸಿದ್ದಾರೆ, ಸಿವಿಲ್ ಯೂನಿಯನ್ ಸಾಕು ಎಂದು ತಾವು ನಿಜವಾಗಿಯೂ ನಂಬಿದ್ದೆವು ಎಂದರು.

ಟೀಕಾಕಾರರ ಕೈಯಲ್ಲಿ 1996ರ ಸಹಿ ಇದೆ. ಪರ ಎಂದು ಬರೆದುಕೊಟ್ಟವರು ಮತಕ್ಕಾಗಿ ವಿರುದ್ಧ ಎಂದರು, ಮತ ಸಿಗುವ ಕಾಲ ಬಂದಾಗ ಮತ್ತೆ ಪರ ಎಂದರು ಎಂಬುದು ಅವರ ವಾದ. ಸಮೀಕ್ಷೆಗಳೂ ಇದಕ್ಕೆ ಪೂರಕವಾಗಿವೆ. ಗ್ಯಾಲಪ್‌ನಲ್ಲಿ ಸಲಿಂಗ ವಿವಾಹದ ಬೆಂಬಲ ಮೊದಲ ಬಾರಿಗೆ ಅರ್ಧ ದಾಟಿದ್ದು 2011ರಲ್ಲಿ. ಒಬಾಮ ಘೋಷಣೆ ಬಂದಿದ್ದು ಅದರ ಮರುವರ್ಷ.

ಸಲಿಂಗ ವಿವಾಹವನ್ನು ಧಾರ್ಮಿಕ ಕಾರಣಕ್ಕೆ ಒಪ್ಪದವರಿಗೆ ಬೇರೆ ಆಕ್ಷೇಪವಿತ್ತು. ಚರ್ಚ್ ವೇದಿಕೆಯಲ್ಲಿ ಕೊಟ್ಟ ಮಾತನ್ನು ನಂಬಿ ಮತ ಹಾಕಿದವರಿಗೆ ಮೋಸವಾಯಿತು ಎಂದು ಅವರು ದೂರಿದರು.

ಸಮರ್ಥಕರ ಉತ್ತರ ಹೀಗಿದೆ: 2008ರಲ್ಲಿ ಪರ ಎಂದಿದ್ದರೆ ಒಬಾಮ ಗೆಲ್ಲುವುದೇ ಅನುಮಾನವಿತ್ತು. ಗೆಲ್ಲದಿದ್ದರೆ ಸೋನಿಯಾ ಸೊಟೊಮೇಯರ್, ಎಲೆನಾ ಕೇಗನ್ ಸುಪ್ರೀಂ ಕೋರ್ಟ್‌ಗೆ ಬರುತ್ತಿರಲಿಲ್ಲ. 2015ರ ಐವರ ಬಹುಮತದಲ್ಲಿ ಒಬಾಮ ನೇಮಿಸಿದ ಈ ಇಬ್ಬರೂ ಇದ್ದರು. ಇಬ್ಬರಲ್ಲಿ ಒಬ್ಬರು ಆ ಕಡೆ ಹೋಗಿದ್ದರೂ ತೀರ್ಪು ತಿರುವುಮುರುವಾಗುತ್ತಿತ್ತು. ಈ ಲೆಕ್ಕಾಚಾರ ಸರಿ ಇರಬಹುದು. ಆದರೆ ಆ ಏಳೆಂಟು ವರ್ಷ ಕಾದವರಲ್ಲಿ ಜಾನ್ ಆರ್ಥರ್ ಅವರಂತೆ ತೀರ್ಪು ಬರುವ ಮೊದಲೇ ತೀರಿಕೊಂಡವರೂ ಇದ್ದರು ಎಂಬುದನ್ನು ಮರೆಯುವಂತಿಲ್ಲ.

ಸಾಮಾನ್ಯ ಪ್ರಶ್ನೆಗಳು

ಸಲಿಂಗ ವಿವಾಹದ ಕಾನೂನು ತಂದಿದ್ದು ಒಬಾಮ ಅವರೇ?
ಅಲ್ಲ. 2015ರಲ್ಲಿ ಮಾನ್ಯತೆ ಕೊಟ್ಟಿದ್ದು ಸುಪ್ರೀಂ ಕೋರ್ಟ್. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಆಂಥೊನಿ ಕೆನಡಿ ಅವರನ್ನು ನೇಮಿಸಿದ್ದು ರಿಪಬ್ಲಿಕನ್ ಅಧ್ಯಕ್ಷ ರೊನಾಲ್ಡ್ ರೇಗನ್.

ಸಂಸತ್ತು ಕಾನೂನು ಮಾಡಿದೆಯೇ?
ಹೌದು, 2022ರಲ್ಲಿ. ಗರ್ಭಪಾತದ ಹಕ್ಕನ್ನು ಸುಪ್ರೀಂ ಕೋರ್ಟ್ ಆ ವರ್ಷ ವಾಪಸ್ ಪಡೆದಾಗ, ಸಲಿಂಗ ವಿವಾಹದ ತೀರ್ಪನ್ನೂ ಮರುಪರಿಶೀಲಿಸಬೇಕು ಎಂದು ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಬರೆದರು. ಇದರ ಬೆನ್ನಲ್ಲೇ 'ವಿವಾಹ ಗೌರವ ಕಾಯ್ದೆ' ಬಂತು. 2022ರ ಡಿಸೆಂಬರ್ 13ರಂದು ಅದಕ್ಕೆ ಸಹಿ ಹಾಕಿದ್ದು, ಹತ್ತು ವರ್ಷದ ಹಿಂದೆ ಟಿವಿಯಲ್ಲಿ ಮೊದಲು ಬಾಯಿಬಿಟ್ಟಿದ್ದ ಜೋ ಬೈಡನ್. 1996ರಲ್ಲಿ ಸೆನೆಟರ್ ಆಗಿ ಡೋಮಾ ಪರ ಮತ ಹಾಕಿದ್ದವರೂ ಇವರೇ.

ಈಗ ಅಮೆರಿಕನ್ನರ ಅಭಿಪ್ರಾಯವೇನು?
ಗ್ಯಾಲಪ್ ಪ್ರಕಾರ 2022 ಮತ್ತು 2023ರಲ್ಲಿ ಬೆಂಬಲ ಶೇ.71ಕ್ಕೆ ಮುಟ್ಟಿತ್ತು.

ಭಾರತದಲ್ಲಿ ಪರಿಸ್ಥಿತಿ ಏನು?

ಭಾರತದಲ್ಲಿ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಹೇಳಿತು. ಮದುವೆಯ ವಿಷಯ ಬಂದಾಗ ಉತ್ತರ ಬೇರೆಯಾಯಿತು. 2023ರ ಅಕ್ಟೋಬರ್ 17ರಂದು ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ನೇತೃತ್ವದ ಐವರು ನ್ಯಾಯಮೂರ್ತಿಗಳ ಪೀಠ, ಮದುವೆ ಮೂಲಭೂತ ಹಕ್ಕಲ್ಲ, ಕಾನೂನು ಮಾಡುವುದು ಸಂಸತ್ತಿನ ಕೆಲಸ ಎಂದು ಒಮ್ಮತದಿಂದ ಹೇಳಿತು. ಸಿವಿಲ್ ಯೂನಿಯನ್ ಹಕ್ಕಿನ ಬಗ್ಗೆ ಮಾತ್ರ ಪೀಠ 3-2 ಎಂದು ಒಡೆಯಿತು. ಹಕ್ಕಿಲ್ಲ ಎಂಬುದೇ ಬಹುಮತದ ತೀರ್ಪು. ಮರುಪರಿಶೀಲನಾ ಅರ್ಜಿಗಳೂ 2025ರ ಜನವರಿಯಲ್ಲಿ ವಜಾ ಆದವು.

ಹೀಗಾಗಿ ಚೆಂಡು ಈಗ ರಾಜಕೀಯ ನಾಯಕರ ಅಂಗಳದಲ್ಲಿದೆ. ಸಲಿಂಗ ವಿವಾಹ ಭಾರತೀಯ ಕುಟುಂಬ ವ್ಯವಸ್ಥೆಗೆ ಹೊಂದುವುದಿಲ್ಲ ಎಂದು ಕೇಂದ್ರ ಸರ್ಕಾರ ಕೋರ್ಟ್‌ನಲ್ಲಿ ವಿರೋಧಿಸಿತ್ತು. ಬಿಜೆಪಿಯ ಸುಶೀಲ್ ಮೋದಿ 2022ರ ಡಿಸೆಂಬರ್‌ನಲ್ಲಿ ರಾಜ್ಯಸಭೆಯಲ್ಲಿ ಇದೇ ಮಾತಾಡಿದ್ದರು. ಅದೇ ವರ್ಷ ಏಪ್ರಿಲ್‌ನಲ್ಲಿ ಬಾರಾಮತಿ ಸಂಸದೆ, ಎನ್‌ಸಿಪಿಯ ಸುಪ್ರಿಯಾ ಸುಳೆ ವಿಶೇಷ ವಿವಾಹ ಕಾಯ್ದೆಗೆ ತಿದ್ದುಪಡಿ ಕೋರಿ ಲೋಕಸಭೆಯಲ್ಲಿ ಖಾಸಗಿ ಮಸೂದೆ ಮಂಡಿಸಿದ್ದರು. 2024ರ ಲೋಕಸಭಾ ಚುನಾವಣೆಯ ಪ್ರಣಾಳಿಕೆಯಲ್ಲಿ ಕಾಂಗ್ರೆಸ್, ವ್ಯಾಪಕ ಸಮಾಲೋಚನೆಯ ನಂತರ ಸಿವಿಲ್ ಯೂನಿಯನ್‌ಗೆ ಮಾನ್ಯತೆ ಕೊಡುವ ಕಾನೂನು ತರುವುದಾಗಿ ಹೇಳಿತ್ತು. ಇದು 2004ರ ಒಬಾಮ ಹೇಳುತ್ತಿದ್ದ ದಾರಿಗೆ ಹತ್ತಿರವಾದದ್ದು.

2023ರ ತೀರ್ಪಿನ ನಂತರ ಕೇಂದ್ರ ಸರ್ಕಾರ ಸಂಪುಟ ಕಾರ್ಯದರ್ಶಿ ನೇತೃತ್ವದ ಸಮಿತಿ ರಚಿಸಿದೆ. ಜಂಟಿ ಬ್ಯಾಂಕ್ ಖಾತೆ ತೆರೆಯಲು, ರೇಷನ್ ಕಾರ್ಡ್‌ನಲ್ಲಿ ಒಂದೇ ಮನೆಯವರೆಂದು ಸೇರಿಸಲು ಅಡ್ಡಿಯಿಲ್ಲ ಎಂದು 2024ರಲ್ಲಿ ಸ್ಪಷ್ಟನೆ ಬಂದಿದೆ. ಆದರೆ ಉಯಿಲು ಇಲ್ಲದೆ ಸಂಗಾತಿ ತೀರಿಕೊಂಡರೆ ಆಸ್ತಿ ಯಾರಿಗೆ, ಪಿಂಚಣಿ ಯಾರಿಗೆ ಎಂದು ಬಂದಾಗ ಕಾನೂನಿನ ಕಣ್ಣಲ್ಲಿ ಅವರು ಪತಿ-ಪತ್ನಿ ಅಲ್ಲ. ಎಡಿತ್ ವಿಂಡ್ಸರ್ 2009ರಲ್ಲಿ ಎದುರಿಸಿದ್ದು ಇದೇ ಪ್ರಶ್ನೆಯನ್ನು. ಅಮೆರಿಕದಲ್ಲಿ ಮದುವೆಯಾಗಿ ಗ್ರೀನ್ ಕಾರ್ಡ್ ಪಡೆದ ಜೋಡಿ ಬೆಂಗಳೂರು ಅಥವಾ ಮುಂಬೈ ವಿಮಾನ ನಿಲ್ದಾಣದಲ್ಲಿ ಇಳಿದರೆ, ಇಲ್ಲಿನ ದಾಖಲೆಗಳಲ್ಲಿ ಇಬ್ಬರೂ ಅವಿವಾಹಿತರೇ.

ನಾಯಕರ ಹೇಳಿಕೆ ಓದುವುದು ಹೇಗೆ?

ಒಬಾಮ ಪ್ರಕರಣದಿಂದ ಒಂದು ಉಪಯುಕ್ತ ಪಾಠವಿದೆ. ಯಾವುದೇ ನಾಯಕರು ಈ ವಿಷಯದಲ್ಲಿ ಮಾತಾಡಿದಾಗ ಮೂರು ಪ್ರಶ್ನೆ ಬೇರೆ ಬೇರೆಯಾಗಿ ಕೇಳಬೇಕು. ಅವರು ಹೇಳುತ್ತಿರುವುದು ವೈಯಕ್ತಿಕ ನಂಬಿಕೆಯೇ? ಕಾನೂನು ಹೀಗಿರಬೇಕು ಎಂಬ ಬೇಡಿಕೆಯೇ? ಕೈಯಲ್ಲಿರುವ ಅಧಿಕಾರ ಬಳಸಿ ಏನು ಮಾಡಿದ್ದಾರೆ? 2011ರ ಒಬಾಮ ಮೊದಲ ಪ್ರಶ್ನೆಗೆ ಉತ್ತರವನ್ನೇ ಕೊಟ್ಟಿರಲಿಲ್ಲ, ಮೂರನೆಯದರಲ್ಲಿ ದೊಡ್ಡ ಹೆಜ್ಜೆ ಇಟ್ಟಿದ್ದರು. 2012ರ ಮೇ 9ರ ಒಬಾಮ ಮೊದಲನೆಯದಕ್ಕೆ ಸ್ಪಷ್ಟ ಉತ್ತರ ಕೊಟ್ಟರು, ಎರಡನೆಯದನ್ನು ರಾಜ್ಯಗಳಿಗೆ ಬಿಟ್ಟರು. ಹೇಳಿಕೆಯ ಪಕ್ಕದಲ್ಲಿ ತಾರೀಕು ಇಲ್ಲದಿದ್ದರೆ 'ಒಬಾಮ ಹೀಗೆ ಹೇಳಿದ್ದರು' ಎಂದು ಪರ-ವಿರೋಧ ಎರಡೂ ಕಡೆಯವರು ಸಾಬೀತು ಮಾಡಬಹುದು. ಮುಂದಿನ ಸಲ ಅಂಥ ಪೋಸ್ಟ್ ವಾಟ್ಸ್‌ಆ್ಯಪ್‌ನಲ್ಲಿ ಬಂದರೆ ಫಾರ್ವರ್ಡ್ ಮಾಡುವ ಮೊದಲು ತಾರೀಕು ನೋಡಿ.